ಏಪ್ರಿಕಾಟ್ ತೋಟದ ಹೈಸ್ಕೂಲು



ಈ ದತ್ತಿ ಉಪನ್ಯಾಸದ ಮೂಲಧನ ಒಬ್ಬ ಹೈಸ್ಕೂಲು ಶಿಕ್ಷಕಿಯ ಗ್ರಾಚ್ಯುಟಿ ಹಣ. ವರ್ಷಕ್ಕೊಂದು ಸಲ ಹೈಸ್ಕೂಲಿನ ಬಗ್ಗೆ ಯಾರಾದರೂ ಒಂದು ಗಂಟೆ ಮಾತಾಡಬೇಕು ಎಂಬುದು ಅವರು ಇಟ್ಟ ಒಂದೇ ಷರತ್ತು. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟ ನಾನು ನಮ್ಮ ಶಾಲೆಗಳ ಬಗ್ಗೆಯೇ ಮಾತಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ಕೊನೆಗೆ ಅಲ್ಲಿಗೇ ಬರುತ್ತೇನೆ. ಆದರೆ ಇವತ್ತಿನ ಕಥೆಯ ಶಾಲೆ ಇರುವುದು ಕ್ಯಾಲಿಫೋರ್ನಿಯಾದ ಕೂಪರ್ಟಿನೊ ಎಂಬ ಊರಿನಲ್ಲಿ. ಹೆಸರು ಹೋಮ್‌ಸ್ಟೆಡ್ ಹೈಸ್ಕೂಲು.

ಮಗಳ ಮನೆ ಪಕ್ಕದ ಸನ್ನಿವೇಲ್‌ನಲ್ಲಿದೆ. ಅಲ್ಲಿ ಆರು ತಿಂಗಳಿದ್ದಾಗ ಬೆಳಗಿನ ವಾಕಿಂಗ್‌ಗೆ ಹೋಮ್‌ಸ್ಟೆಡ್ ರಸ್ತೆಗೆ ಹೋಗುತ್ತಿದ್ದೆ. ಎಂಟರ ಹೊತ್ತಿಗೆ ಸೈಕಲ್ಲಿನಲ್ಲಿ, ನಡೆದು, ಅಪ್ಪ ಅಮ್ಮಂದಿರ ಕಾರಿನಲ್ಲಿ ಮಕ್ಕಳು ಬಂದು ಇಳಿಯುತ್ತಿದ್ದರು. ಸಮವಸ್ತ್ರವಿಲ್ಲ, ಫೀಸೂ ಇಲ್ಲ. ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳು ಓದುವ, ಸಾರ್ವಜನಿಕರ ತೆರಿಗೆಯಲ್ಲಿ ನಡೆಯುವ ಶಾಲೆ. ಒಂಬತ್ತರಿಂದ ಹನ್ನೆರಡನೆಯ ತರಗತಿ, ಅಂದರೆ ನಮ್ಮ ಒಂಬತ್ತು, ಎಸ್ಸೆಸ್ಸೆಲ್ಸಿ, ಎರಡು ವರ್ಷದ ಪಿಯುಸಿ ಎಲ್ಲ ಒಂದೇ ಆವರಣದಲ್ಲಿ. ಹತ್ತನೆಯದಕ್ಕೆ ಮಗು ಶಾಲೆ ಬಿಟ್ಟು ಬೇರೆ ಕಾಲೇಜು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಓದು ನಿಂತುಹೋದದ್ದು ಆ ಅಲೆದಾಟದಲ್ಲೇ ಎಂದು ತಿಳಿದವನಿಗೆ ಇದು ಸಣ್ಣ ಸಂಗತಿ ಎನಿಸುವುದಿಲ್ಲ.

ಊರಿನ ಹೆಸರಿನಿಂದ ಶುರುಮಾಡೋಣ. 1776ರಲ್ಲಿ ಹ್ವಾನ್ ಬೌಟಿಸ್ಟಾ ದೆ ಆನ್ಸಾನ ಸ್ಪ್ಯಾನಿಷ್ ತಂಡ ಈ ದಾರಿಯಲ್ಲಿ ಬಂದಾಗ, ಜೊತೆಗಿದ್ದ ಪಾದ್ರಿ ಒಂದು ಹಳ್ಳಕ್ಕೆ ಇಟಲಿಯ ಕೊಪರ್ಟಿನೊ ಊರಿನ ಸಂತ ಜೋಸೆಫನ ಹೆಸರಿಟ್ಟ. ಅದಕ್ಕೂ ಮೊದಲು ಅದು ಒಲೋನಿ ಎಂಬ ಮೂಲ ನಿವಾಸಿಗಳ ನೆಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ಕಣಿವೆ ತುಂಬ ಹಣ್ಣಿನ ತೋಟಗಳಿದ್ದವು. ಒಣಗಿಸಿ ಮಾರುವ ಪ್ಲಮ್, ಏಪ್ರಿಕಾಟ್, ಚೆರ್ರಿ. ಸಿಲಿಕಾನ್ ಎಂಬ ಹೆಸರು ಬರುವ ಮುನ್ನ ಅದನ್ನು ಹೃದಯಾನಂದದ ಕಣಿವೆ ಎಂದೇ ಕರೆಯುತ್ತಿದ್ದರು. ತೋಟದ ಮಕ್ಕಳಿಗೆಂದು 1923ರಲ್ಲಿ ಸನ್ನಿವೇಲ್‌ನಲ್ಲಿ ಫ್ರೀಮಾಂಟ್ ಹೈಸ್ಕೂಲು ಶುರುವಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಅದೊಂದೇ ಸಾಕಾಗಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಶಾಲೆಗಳನ್ನು ನಡೆಸುವುದು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಯೂನಿಯನ್ ಅಂದರೆ ಕಾರ್ಮಿಕ ಸಂಘವಲ್ಲ. ಹೈಸ್ಕೂಲು ಕಟ್ಟುವ ಶಕ್ತಿ ಒಂಟಿ ಹಳ್ಳಿಗಿರಲಿಲ್ಲ. ಅಕ್ಕಪಕ್ಕದ ಪ್ರಾಥಮಿಕ ಶಾಲಾ ವಲಯಗಳು ಕೂಡಿಕೊಂಡು ಒಂದು ಹೈಸ್ಕೂಲು ಕಟ್ಟಿ, ಅದಕ್ಕಾಗಿ ತಮ್ಮ ಆಸ್ತಿಗಳ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಬಹುದು ಎಂದು ಕ್ಯಾಲಿಫೋರ್ನಿಯಾ 1891ರಲ್ಲಿ ಕಾನೂನು ಮಾಡಿತು. ಆ ಕೂಡಿಕೆಯೇ ಯೂನಿಯನ್. ಹೈಸ್ಕೂಲಿಗೆ ಸಾರ್ವಜನಿಕ ತೆರಿಗೆ ಬಳಸಬಹುದೇ ಎಂಬುದೇ ಅಮೆರಿಕದಲ್ಲಿ ಒಂದು ಕಾಲಕ್ಕೆ ವ್ಯಾಜ್ಯವಾಗಿತ್ತು. ಓದು, ಬರಹ, ಲೆಕ್ಕ ಸಾಕು, ಅದರಾಚೆಯದು ಉಳ್ಳವರ ಶೋಕಿ, ಅದಕ್ಕೆ ನಾವೇಕೆ ದುಡ್ಡು ಕೊಡಬೇಕು ಎಂಬುದು ವಾದ. ಕಲಮಜೂ ಊರಿನ ಮೊಕದ್ದಮೆಯಲ್ಲಿ 1874ರಲ್ಲಿ ಮಿಷಿಗನ್ನಿನ ಸರ್ವೋಚ್ಚ ನ್ಯಾಯಾಲಯ ಊರಿನವರು ಹೈಸ್ಕೂಲಿಗೆ ತೆರಿಗೆ ಎತ್ತಬಹುದು ಎಂದಿತು. ಆ ತೀರ್ಪಿನ ಬಲದ ಮೇಲೆ ದೇಶದ ಸಾವಿರಾರು ಊರುಗಳು ಹೈಸ್ಕೂಲು ಕಟ್ಟಿದವು. ಒಬ್ಬರ ಗ್ರಾಚ್ಯುಟಿಯಿಂದ ದತ್ತಿಯಾಗುತ್ತದೆ, ಉಪನ್ಯಾಸ ನಡೆಯುತ್ತದೆ. ಇಡೀ ಊರು ತನ್ನ ಮಕ್ಕಳಿಗಾಗಿ ಇಡುವ ದತ್ತಿ ಯಾವುದೆಂದರೆ ತೆರಿಗೆ.

ಇನ್ನು ತೋಟ ಊರಾದ ಬಗೆ. ಕೂಪರ್ಟಿನೊ 1955ರಲ್ಲಿ ನಗರಾಡಳಿತ ಪಡೆಯಿತು. ಮರುವರ್ಷ ಲಾಕ್‌ಹೀಡ್ ಕಂಪನಿ ತನ್ನ ಕ್ಷಿಪಣಿ ವಿಭಾಗವನ್ನು ಸನ್ನಿವೇಲ್‌ಗೆ ತಂದಿತು. 1957ರ ಅಕ್ಟೋಬರಿನಲ್ಲಿ ರಷ್ಯಾದ ಸ್ಪುಟ್ನಿಕ್ ಹಾರಿತು, ಅದರ ಮರುವರ್ಷವೇ ಶಾಲೆಗಳ ವಿಜ್ಞಾನ, ಗಣಿತಗಳಿಗೆ ಕೇಂದ್ರ ಸರ್ಕಾರದ ಹಣ ಹರಿಸುವ ಕಾನೂನು ಬಂತು. ಎಂಜಿನಿಯರುಗಳು ಬಂದರು, ಅವರಿಗೆ ಮನೆ ಬೇಕು, ಮಕ್ಕಳಿಗೆ ಶಾಲೆ ಬೇಕು. ಮರ ಕಡಿದು ಬಡಾವಣೆಗಳು ಎದ್ದವು. ಸನ್ನಿವೇಲ್ ಹೈಸ್ಕೂಲು 1956ರಲ್ಲಿ, ಕೂಪರ್ಟಿನೊ 1958ರಲ್ಲಿ, ಹೋಮ್‌ಸ್ಟೆಡ್ 1962ರಲ್ಲಿ, ಲಿನ್‌ಬ್ರೂಕ್ 1965ರಲ್ಲಿ, ಮಾಂಟಾ ವಿಸ್ಟಾ 1969ರಲ್ಲಿ. ಹದಿಮೂರು ವರ್ಷದಲ್ಲಿ ಐದು ಹೈಸ್ಕೂಲು.

ಹೋಮ್‌ಸ್ಟೆಡ್ ಎಂಬ ಪದವೂ ಕಿವಿಗೊಡಬೇಕಾದದ್ದು. ಲಿಂಕನ್ 1862ರಲ್ಲಿ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ, ನೆಲದಲ್ಲಿ ನೆಲೆಸಿ ಉಳುತ್ತೇನೆ ಎಂದವನಿಗೆ 160 ಎಕರೆ ಕೊಡುತ್ತಿತ್ತು. ನಮ್ಮ ಕಡೆ ದರಖಾಸ್ತು ಜಮೀನು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಶಾಲೆಗೆ ಹೆಸರು ಬಂದದ್ದು ಎದುರಿನ ರಸ್ತೆಯಿಂದ. ಆದರೂ ಆ ಕಾಯ್ದೆಗೆ ಸರಿಯಾಗಿ ನೂರು ವರ್ಷ ತುಂಬಿದ ವರ್ಷವೇ ಶಾಲೆಯ ಬಾಗಿಲು ತೆರೆಯಿತು. ಸರ್ಕಾರ ನೆಲ ಹಂಚುತ್ತಿದ್ದ ಕಾಲ ಹೋಗಿ ಓದು ಹಂಚುವ ಕಾಲ ಬಂದಿತ್ತು. ನೆಲ ಎಲ್ಲರಿಗೂ ಸಿಗಲಿಲ್ಲ, ಮೂಲ ನಿವಾಸಿಗಳಿಂದ ಕಿತ್ತುಕೊಂಡೇ ಅದನ್ನು ಹಂಚಿದ್ದು ಎಂಬುದನ್ನು ಮರೆಯುವಂತಿಲ್ಲ. ಓದು ಎಲ್ಲರಿಗೂ ಸಿಕ್ಕಿತೇ ಎಂಬ ಪ್ರಶ್ನೆಯನ್ನು ಆಮೇಲೆ ಎತ್ತಿಕೊಳ್ಳುತ್ತೇನೆ.

ಹೋಮ್‌ಸ್ಟೆಡ್ ಎಂದ ಕೂಡಲೇ ಜನ ಎರಡು ಹೆಸರು ಹೇಳುತ್ತಾರೆ. 1968ರಲ್ಲಿ ಇಲ್ಲಿ ಓದು ಮುಗಿಸಿದ ಸ್ಟೀವ್ ವಾಜ್ನಿಯಾಕ್, 1972ರಲ್ಲಿ ಮುಗಿಸಿದ ಸ್ಟೀವ್ ಜಾಬ್ಸ್. ಅವರಿಬ್ಬರನ್ನು ಪರಸ್ಪರ ಪರಿಚಯಿಸಿದ ಬಿಲ್ ಫರ್ನಾಂಡಿಸ್ ಕೂಡ ಇದೇ ಶಾಲೆಯ ಹುಡುಗ. ಆ ಇಬ್ಬರು ಸ್ಟೀವ್‌ಗಳು ಕಟ್ಟಿದ ಆ್ಯಪಲ್ ಕಂಪನಿ ಹುಟ್ಟಿದ ಕಥೆಯನ್ನು ಗ್ಯಾರೇಜಿನಿಂದ ಶುರುಮಾಡುವುದು ರೂಢಿ. ಹೈಸ್ಕೂಲು ಮೇಷ್ಟ್ರಾದ ನಾನು ಅದನ್ನು ಶಾಲೆಯ ಪಾರ್ಕಿಂಗ್ ಜಾಗದ ಪಕ್ಕದಲ್ಲಿದ್ದ ಒಂದು ಶೆಡ್ಡಿನಿಂದ ಶುರುಮಾಡುತ್ತೇನೆ.

ಆ ಶೆಡ್ಡಿನಲ್ಲಿ ಜಾನ್ ಮೆಕಾಲಮ್ ಎಂಬ ಮೇಷ್ಟ್ರು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕಾರು ರಿಪೇರಿಯ ತರಗತಿ. ಮೆಕಾಲಮ್ ನೌಕಾಪಡೆಯಲ್ಲಿ ವಿಮಾನ ಹಾರಿಸಿ ಬಂದವರು, ಶಿಸ್ತಿನ ಮನುಷ್ಯ. ತರಗತಿಯ ಹಿಂದೆ ಒಂದು ಚಿಕ್ಕ ಉಗ್ರಾಣ. ಅಲ್ಲಿ ಇಲ್ಲಿ ಕೇಳಿ ತಂದ ಟ್ರಾನ್ಸಿಸ್ಟರು, ಬಿಡಿಭಾಗಗಳು ಅದರಲ್ಲಿ ತುಂಬಿರುತ್ತಿದ್ದವು. ಅದರ ಬೀಗದ ಕೈಯನ್ನು ತಮಗೆ ನಂಬಿಕೆಯಿದ್ದ ಹುಡುಗರ ಕೈಗೆ ಕೊಡುತ್ತಿದ್ದರು. ವಾಲ್ಟರ್ ಐಸಾಕ್‌ಸನ್ ಬರೆದ ಜಾಬ್ಸ್ ಜೀವನಚರಿತ್ರೆಯಲ್ಲಿ ಆ ಬೀಗದ ಕೈಯ ಸುದ್ದಿ ಬರುವುದು ಒಂದೇ ವಾಕ್ಯದಲ್ಲಿ. ಅದನ್ನು ಓದಿದಾಗ ನಾನು ಪುಸ್ತಕ ಮಡಿಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ವಾಜ್ನಿಯಾಕ್ ಅವರ ಅಚ್ಚುಮೆಚ್ಚಿನ ಶಿಷ್ಯ. ಹುಡುಗನ ತಂದೆ ಲಾಕ್‌ಹೀಡ್‌ನಲ್ಲಿ ಎಂಜಿನಿಯರ್, ಮನೆಯಲ್ಲೇ ಸರ್ಕ್ಯೂಟಿನ ಪಾಠ ಆಗಿತ್ತು. ತರಗತಿಯಲ್ಲಿ ಅವನಿಗೆ ಕಲಿಸಲು ಹೆಚ್ಚೇನೂ ಉಳಿದಿಲ್ಲ ಎಂದು ಮೆಕಾಲಮ್‌ಗೆ ಗೊತ್ತಾಯಿತು. ಆಗ ಅವರು ಮಾಡಿದ ಕೆಲಸ ನೋಡಿ: ಸನ್ನಿವೇಲ್‌ನ ಸಿಲ್ವೇನಿಯಾ ಕಂಪನಿಯವರ ಜೊತೆ ಮಾತಾಡಿ, ಹುಡುಗ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವುದಕ್ಕೆ ಏರ್ಪಾಡು ಮಾಡಿದರು. ಕಂಪ್ಯೂಟರೆಂದರೆ ಐಬಿಎಂ 1130, ಭಾಷೆ ಫೋರ್ಟ್ರಾನ್. ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ತನ್ನಲ್ಲಿ ಇಲ್ಲದ್ದು ಎಲ್ಲಿದೆಯೆಂದು ಮೇಷ್ಟ್ರಿಗೆ ಗೊತ್ತಿತ್ತು, ಅಲ್ಲಿಗೆ ಕಳಿಸುವ ಮನಸ್ಸೂ ಇತ್ತು. ಇದೇ ಹುಡುಗ ಟಿಕ್ ಟಿಕ್ ಎನ್ನುವ ಯಂತ್ರವೊಂದನ್ನು ಸಹಪಾಠಿಯ ಲಾಕರಿನಲ್ಲಿಟ್ಟು, ಅದನ್ನು ಬಾಂಬೆಂದು ತಿಳಿದು ಶಾಲೆಯ ಮುಖ್ಯಸ್ಥರು ಎತ್ತಿಕೊಂಡು ಮೈದಾನಕ್ಕೆ ಓಡುವಂತೆ ಮಾಡಿದ್ದ. ಅದಕ್ಕಾಗಿ ಒಂದು ರಾತ್ರಿ ಬಾಲಾಪರಾಧಿಗಳ ಕೇಂದ್ರದಲ್ಲೂ ಕಳೆದ. ಅವನ ಓದು ಅಲ್ಲಿಗೇ ಮುಗಿಯದೆ ಮುಂದುವರಿಯಿತು ಎಂಬುದನ್ನು ಗಮನಿಸಬೇಕು.

ಜಾಬ್ಸ್ ಜೊತೆ ಮೆಕಾಲಮ್‌ಗೆ ಹೊಂದಲಿಲ್ಲ. ಮೂರು ವರ್ಷದ ಪಾಠದಲ್ಲಿ ಅವನು ಕೂತದ್ದು ಒಂದೇ ವರ್ಷ. ಮೇಷ್ಟ್ರ ಬಳಿ ಇಲ್ಲದ ಒಂದು ಬಿಡಿಭಾಗಕ್ಕಾಗಿ ಡೆಟ್ರಾಯಿಟಿನ ಬರೋಸ್ ಕಂಪನಿಗೆ, ಕರೆಯ ಖರ್ಚೂ ಕಂಪನಿಯದೇ ಎಂಬಂತೆ ಫೋನು ಮಾಡಿ, ಹೊಸ ಉಪಕರಣವೊಂದನ್ನು ತಯಾರಿಸುತ್ತಿದ್ದೇನೆ ಎಂದುಬಿಟ್ಟ. ವಿಮಾನದಲ್ಲಿ ಪಾರ್ಸೆಲ್ ಬಂತು. ಮೆಕಾಲಮ್ ಕೆಂಡವಾದರು. ತಮ್ಮ ಶಿಷ್ಯ ಹಾಗೆ ನಡೆದುಕೊಳ್ಳುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಫೋನಿಗೆ ನನ್ನ ಹತ್ತಿರ ದುಡ್ಡಿರಲಿಲ್ಲ, ಅವರ ಹತ್ತಿರ ಬೇಕಾದಷ್ಟಿತ್ತು ಎಂಬುದು ಹುಡುಗನ ಸಮಜಾಯಿಷಿ. ನಾನು ಮೆಕಾಲಮ್ ಪಕ್ಷ. ಸುಳ್ಳು ಹೇಳಿ ತಂದದ್ದನ್ನು ಮೆಚ್ಚಿಕೊಳ್ಳುವ ಮೇಷ್ಟ್ರು ನನಗೆ ಬೇಡ. ಆದರೂ ಆ ಇಬ್ಬರೂ ಒಂದೇ ಶೆಡ್ಡಿನಲ್ಲಿ ಒಂದು ವರ್ಷ ಇದ್ದರು.

ಈಗ ಒಂದು ಮನೆಯ ವಿಚಾರ. ಜಾಬ್ಸ್ ಹೋಮ್‌ಸ್ಟೆಡ್‌ಗೆ ಬಂದದ್ದು ಹೇಗೆ? ದತ್ತು ತೆಗೆದುಕೊಂಡ ತಂದೆ ಪಾಲ್ ಜಾಬ್ಸ್ ಯಂತ್ರಗಳ ಕುಶಲಕರ್ಮಿ. ಮೌಂಟನ್ ವ್ಯೂ ಊರಿನಲ್ಲಿ ಏಳನೆಯ ತರಗತಿಯಲ್ಲಿದ್ದಾಗ ಹುಡುಗ ಇತರರ ಕಾಟ ತಾಳಲಾರದೆ ಆ ಶಾಲೆಗೆ ಹೋಗುವುದೇ ಇಲ್ಲ ಎಂದು ಹಟ ಹಿಡಿದ. ಅಪ್ಪ ಅಮ್ಮ ಇದ್ದಬದ್ದ ಹಣ ಕೂಡಿಸಿ, ಲಾಸ್ ಆಲ್ಟೋಸ್‌ನ ದಕ್ಷಿಣ ಭಾಗದಲ್ಲಿ ಹಿಂದೆ ಏಪ್ರಿಕಾಟ್ ತೋಟವಾಗಿದ್ದ ಜಾಗದಲ್ಲಿ 21,000 ಡಾಲರಿಗೆ ಒಂದು ಮನೆ ಕೊಂಡರು. ಆ ಮನೆ ಕೂಪರ್ಟಿನೊ ಶಾಲೆಗಳ ಗಡಿಗೆರೆಯ ಒಳಗಿತ್ತು ಎಂಬುದೇ ಕೊಳ್ಳಲು ಕಾರಣ. ಮುಂದೆ ಲೋಕಪ್ರಸಿದ್ಧವಾದ ಗ್ಯಾರೇಜು ಆ ಮನೆಯದೇ. 2013ರಲ್ಲಿ ಊರಿನವರು ಅದನ್ನು ಐತಿಹಾಸಿಕ ಆಸ್ತಿ ಎಂದು ಘೋಷಿಸಿದರು. ನನಗೆ ಗ್ಯಾರೇಜಿಗಿಂತ ಆ ಮನೆಯ ವಿಳಾಸ ಮುಖ್ಯ. ಶಾಲೆಗೆ ಫೀಸಿಲ್ಲ ನಿಜ. ಆದರೆ ಗಡಿಗೆರೆಯೊಳಗೆ ಮನೆ ಬೇಕು. ಒಬ್ಬ ಕುಶಲಕರ್ಮಿಗೆ ಅರವತ್ತರ ದಶಕದಲ್ಲಿ ಅದು ಕಷ್ಟಪಟ್ಟರೆ ಎಟುಕುತ್ತಿತ್ತು. ಇವತ್ತು ಅದೇ ಬೀದಿಗಳಲ್ಲಿ ಮನೆಯ ಬೆಲೆ ಇಪ್ಪತ್ತು ಲಕ್ಷ ಡಾಲರಿಗೂ ಮೇಲೆ. ಈಗಿನ ಒಬ್ಬ ಪಾಲ್ ಜಾಬ್ಸ್ ಆ ಗೆರೆಯನ್ನು ದಾಟಲಾರ.

ಇದೇ ಗೆರೆಯ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ಒಂದು ದೊಡ್ಡ ಮೊಕದ್ದಮೆ ನಡೆಯಿತು. ಲಾಸ್ ಏಂಜಲೀಸಿನ ಪೂರ್ವಭಾಗದಲ್ಲಿ ಜಾನ್ ಸೆರಾನೊ ಎಂಬ ತಂದೆ. ನಿಮ್ಮ ಮಗ ಬುದ್ಧಿವಂತ, ಇನ್ನೂ ಒಳ್ಳೆಯ ಶಾಲೆಯಿರುವ ಕಡೆಗೆ ಮನೆ ಬದಲಾಯಿಸಿ ಎಂದು ಅವರಿಗೆ ಶಾಲೆಯ ಮುಖ್ಯಸ್ಥರೇ ಹೇಳಿದ್ದರಂತೆ. ಸೆರಾನೊ ಕೋರ್ಟಿಗೆ ಹೋದರು. 1968-69ರಲ್ಲಿ ಬಾಲ್ಡ್‌ವಿನ್ ಪಾರ್ಕ್ ಎಂಬ ಸಾಧಾರಣ ಊರು ಒಂದು ಮಗುವಿಗೆ 577 ಡಾಲರ್ ಖರ್ಚು ಮಾಡಿದರೆ, ಸಿರಿವಂತರ ಬೆವರ್ಲಿ ಹಿಲ್ಸ್ 1,232 ಡಾಲರ್ ಖರ್ಚು ಮಾಡಿತ್ತು. ಹಾಗಂತ ಬಡ ಊರಿನವರು ಕಡಿಮೆ ತೆರಿಗೆ ಕಟ್ಟಿದರೇ? ಇಲ್ಲ. ಪ್ರತಿ ನೂರು ಡಾಲರ್ ಆಸ್ತಿ ಮೌಲ್ಯಕ್ಕೆ ಬಾಲ್ಡ್‌ವಿನ್ ಪಾರ್ಕಿನವರು 5 ಡಾಲರ್ 48 ಸೆಂಟ್ ಕಟ್ಟಿದರು, ಬೆವರ್ಲಿ ಹಿಲ್ಸಿನವರು 2 ಡಾಲರ್ 38 ಸೆಂಟ್. ಎರಡು ಪಟ್ಟಿಗೂ ಹೆಚ್ಚಿನ ದರ ಕಟ್ಟಿ ಅರ್ಧಕ್ಕಿಂತ ಕಡಿಮೆ ಪಡೆದರು, ಏಕೆಂದರೆ ಅವರ ನೆಲಕ್ಕೆ ಬೆಲೆಯಿರಲಿಲ್ಲ. ಮಗುವಿನ ಓದು ನೆರೆಹೊರೆಯ ಸಿರಿತನವನ್ನು ಅವಲಂಬಿಸುವ ಈ ಪದ್ಧತಿ ಸಮಾನತೆಗೆ ವಿರುದ್ಧ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಹೇಳಿತು. ಸೆರಾನೊಗೆ ಸಿಕ್ಕ ಸಲಹೆಯನ್ನು, ಯಾರೂ ಕೊಡದೆಯೇ, ಜಾಬ್ಸ್ ದಂಪತಿ ಪಾಲಿಸಿದ್ದರು. ಪಾಲಿಸಲು ಆಗದವರ ಸಂಖ್ಯೆ ದೊಡ್ಡದು.

ತೀರ್ಪಿನ ನಂತರ ರಾಜ್ಯವೇ ಹಣ ಹಂಚುವ ಪದ್ಧತಿ ಬಲವಾಯಿತು. 1978ರ ಜೂನಿನಲ್ಲಿ 13ನೆಯ ಪ್ರಸ್ತಾಪ ಎಂಬ ಜನಮತ ಗೆದ್ದಿತು. ಅದರ ಪ್ರಕಾರ ಆಸ್ತಿ ತೆರಿಗೆ ಮೌಲ್ಯದ ಶೇ. 1ನ್ನು ಮೀರುವಂತಿಲ್ಲ, ಆ ಮೌಲ್ಯವೂ ಮನೆ ಕೈಬದಲಾಗುವವರೆಗೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಎಪ್ಪತ್ತರ ದಶಕದಲ್ಲಿ ಮನೆ ಕೊಂಡ ಅಜ್ಜ ಅಜ್ಜಿಗೆ ಇದು ರಕ್ಷೆ. ಪಕ್ಕದ ಮನೆಯನ್ನು ಮೊನ್ನೆ ಕೊಂಡವರು ಅವರ ಹತ್ತಾರು ಪಟ್ಟು ಕಟ್ಟುತ್ತಾರೆ. ಶಾಲೆಗಳ ಕೈ ಬಿಗಿಯಾಯಿತು. ಅದೇ ಹೊತ್ತಿಗೆ ಮಕ್ಕಳ ಸಂಖ್ಯೆಯೂ ಇಳಿದು, ಸನ್ನಿವೇಲ್ ಹೈಸ್ಕೂಲನ್ನು 1981ರಲ್ಲಿ ಮುಚ್ಚಿದರು. ಸಾರ್ವಜನಿಕ ದುಡ್ಡಿನಲ್ಲಿ ಕಟ್ಟಿದ ಆ ಆವರಣದಲ್ಲಿ ಈಗ ಒಂದು ಖಾಸಗಿ ಶಾಲೆ ನಡೆಯುತ್ತಿದೆ. ಊರಿನ ಉತ್ತರ ಭಾಗದ ಮಕ್ಕಳು ಅಂದಿನಿಂದ ದೂರದ ಶಾಲೆಗಳಿಗೆ ಹೋಗುತ್ತಾರೆ. ಉಳಿದ ಐದರಲ್ಲಿ ಹಳೆಯದಾದ ಫ್ರೀಮಾಂಟ್ ಶಾಲೆಯಲ್ಲಿ ಕಡಿಮೆ ವರಮಾನದ ಮನೆಗಳ ಮಕ್ಕಳ ಪಾಲು ಲಿನ್‌ಬ್ರೂಕ್, ಮಾಂಟಾ ವಿಸ್ಟಾಗಳಿಗಿಂತ ಬಹಳ ಹೆಚ್ಚು. ಒಂದೇ ಆಡಳಿತ, ಒಂದೇ ಸಂಬಳ ಪಟ್ಟಿ. ಆದರೂ ಭೂಪಟದ ಗೆರೆ ಮಕ್ಕಳನ್ನು ಬೇರೆಮಾಡುತ್ತದೆ.

ಇನ್ನೊಂದು ಬದಲಾವಣೆ ನಮಗೆ ಹತ್ತಿರದ್ದು. 1965ರ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲು ತೆರೆಯಿತು. ಬೆಂಗಳೂರು, ಮೈಸೂರು, ದಾವಣಗೆರೆಗಳಲ್ಲಿ ಎಂಜಿನಿಯರಿಂಗ್ ಓದಿದವರೂ ಆ ಬಾಗಿಲಲ್ಲಿ ಹೋದರು. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಷ್ಟು ಹಳೆಯದು. 2020ರ ಜನಗಣತಿಯಲ್ಲಿ ಕೂಪರ್ಟಿನೊದ ಜನಸಂಖ್ಯೆ 60,381. ಅವರಲ್ಲಿ ಹೆಚ್ಚಿನವರು ಏಷ್ಯಾ ಮೂಲದವರು. ಮನೆ ಹುಡುಕುವಾಗ ಅವರು ಮೊದಲು ಕೇಳುವುದು ಯಾವ ಹೈಸ್ಕೂಲಿಗೆ ಸೇರುತ್ತದೆ ಎಂದು. ನನ್ನ ಅಳಿಯನೂ ಹಾಗೆ ಕೇಳಿಯೇ ಮನೆ ಹಿಡಿದದ್ದು. ಅದರಲ್ಲಿ ತಪ್ಪು ಕಾಣಲು ನನ್ನಿಂದಾಗುವುದಿಲ್ಲ. ಹಳ್ಳಿಯಿಂದ ತುಮಕೂರಿಗೆ ನಾವು ಬಾಡಿಗೆ ಮನೆ ಮಾಡಿದ್ದೂ ಅವನ ಹೆಂಡತಿಯ ಓದಿಗಾಗಿಯೇ.

ಮಕ್ಕಳ ಭಾಷೆಯ ವಿಷಯವೂ ಇದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೇರಲು ಇಂಗ್ಲಿಷಲ್ಲದ ಒಂದು ಭಾಷೆಯನ್ನು ಎರಡು ವರ್ಷವಾದರೂ ಹೈಸ್ಕೂಲಿನಲ್ಲಿ ಓದಿರಬೇಕು. ಎರಡು ಭಾಷೆಯಲ್ಲಿ ಪಳಗಿದ ಮಕ್ಕಳ ಪ್ರಮಾಣಪತ್ರಕ್ಕೆ ವಿಶೇಷ ಮುದ್ರೆ ಹಾಕುವ ಪದ್ಧತಿಯನ್ನು ಆ ರಾಜ್ಯ 2012ರಿಂದ ನಡೆಸುತ್ತಿದೆ. ಇತ್ತ ಕನ್ನಡಿಗರು ವಾರಾಂತ್ಯದಲ್ಲಿ ಕನ್ನಡ ಶಾಲೆ ನಡೆಸುತ್ತಾರೆ. ನನ್ನ ಮೊಮ್ಮಗಳು ಭಾನುವಾರ ಅಲ್ಲಿಗೆ ಹೋಗಿ ಒತ್ತಕ್ಷರ ಕಲಿತು ಬಂದು ನನಗೆ ಪತ್ರ ಬರೆದಳು. ‘ತಾತ, ನಿಮ್ಮ ಶಾಲೆಯಲ್ಲಿ ಲ್ಯಾಬ್ ಇತ್ತಾ?’ ಎಂದು ಅದರಲ್ಲೊಂದು ಸಾಲಿತ್ತು.

ಅದಕ್ಕೆ ಉತ್ತರ ಹೇಳುವ ಮುನ್ನ ಒಂದು ಮಾತು. ಫ್ರೀಮಾಂಟ್ ಡಿಸ್ಟ್ರಿಕ್ಟಿನ ಹೈಸ್ಕೂಲುಗಳನ್ನು ಆಳುವುದು ಊರಿನವರು ಚುನಾಯಿಸಿದ ಐವರ ಮಂಡಳಿ. ಹಣ ಸಾಲದಾದಾಗ ಪ್ರತಿ ನಿವೇಶನಕ್ಕೆ ವರ್ಷಕ್ಕೆ 98 ಡಾಲರ್ ಹೆಚ್ಚುವರಿ ತೆರಿಗೆ ಕೊಡಿ ಎಂದು ಮಂಡಳಿ ಮತದಾರರನ್ನು ಕೇಳಿತು. ಅದಕ್ಕೆ ಮೂರನೇ ಎರಡರಷ್ಟು ಮತ ಬೇಕು. ಶಾಲೆಯಲ್ಲಿ ಮಕ್ಕಳಿಲ್ಲದವರೂ ಸೇರಿ ಒಪ್ಪಿದರು. ನಮ್ಮಲ್ಲೂ ಆಸ್ತಿ ತೆರಿಗೆಯ ಚಲನ್ನು ತಿರುವಿ ನೋಡಿದರೆ ಗ್ರಂಥಾಲಯ ಕರ ಎಂದು ಶೇ. 6 ಇರುತ್ತದೆ, 1965ರ ಕಾನೂನಿನ ಕೊಡುಗೆ. ಕಟ್ಟುತ್ತೇವೆ, ಆದರೆ ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಅದು ಬಂತೇ ಎಂದು ಕೇಳುವುದಿಲ್ಲ. 2001ರಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಎಷ್ಟು ಊರಿನಲ್ಲಿ ಅದರ ಸಭೆಗೆ ಜನ ಹೋಗುತ್ತಾರೆ? ತೆರಿಗೆ ಕಟ್ಟಿದ ಮೇಲೂ ಅದರ ಹಿಂದೆ ನಡೆದುಹೋಗುವ ಅಭ್ಯಾಸವನ್ನು ನಾನು ಅಲ್ಲಿ ಕಂಡೆ, ಮೆಚ್ಚಿದೆ. ಆ ಗಡಿಗೆರೆ ಮಾತ್ರ ನಮಗೆ ಬೇಡ. ಅದು ಈಗಾಗಲೇ ಫೀಸಿನ ರೂಪದಲ್ಲಿ ನಮ್ಮಲ್ಲಿದೆ.

ಇನ್ನು ಲ್ಯಾಬಿನ ಮಾತು. ನಾನಿದ್ದ ಒಂದು ಪ್ರೌಢಶಾಲೆಯಲ್ಲಿ ಪ್ರಯೋಗಾಲಯವೆಂದರೆ ಒಂದು ಕಬ್ಬಿಣದ ಬೀರು. ಚಾರ್ಜ್ ತೆಗೆದುಕೊಂಡ ದಿನ ಹಿಂದಿನ ಮೇಷ್ಟ್ರು ಸ್ಟಾಕ್ ಬುಕ್ಕಿನ ಒಂದೊಂದು ಸಾಲಿಗೂ ನನ್ನ ಸಹಿ ಹಾಕಿಸಿಕೊಂಡರು. ಬೀಕರ್ ಒಡೆದರೆ, ಮೀಟರ್ ಸುಟ್ಟರೆ ಆಡಿಟ್ಟಿನಲ್ಲಿ ಆಕ್ಷೇಪಣೆ, ಸಂಬಳದಿಂದ ರಿಕವರಿ. ಆ ಬೀಗದ ಕೈ ಹನ್ನೊಂದು ವರ್ಷ ನನ್ನ ಜೇಬಿನಲ್ಲಿತ್ತು. ವರ್ಷಕ್ಕೆ ನಾಲ್ಕೈದು ಸಲ ಬೀರು ತೆಗೆದು, ಮೇಜಿನ ಮೇಲಿಟ್ಟು ತೋರಿಸಿ, ಒರೆಸಿ ಒಳಗಿಡುತ್ತಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಗ್ಯಾಲ್ವನೋಮೀಟರನ್ನು ಒಂದು ರಾತ್ರಿಯ ಮಟ್ಟಿಗೆ ಕೊಡಿ ಸಾರ್, ಮನೆಯಲ್ಲಿ ಒಂದು ಸುರುಳಿ ಸುತ್ತಿದ್ದೇನೆ, ಆಯಸ್ಕಾಂತ ಆಡಿಸಿ ನೋಡಬೇಕು ಎಂದ. ಕೊಡಲಿಲ್ಲ. ಅವನು ಮತ್ತೆ ಕೇಳಲಿಲ್ಲ, ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೂ ಬಿಟ್ಟ. ಈಗ ಅವನಿಗೆ ಮೋಟಾರು ವೈಂಡಿಂಗ್ ಅಂಗಡಿಯಿದೆ. ಸುತ್ತಲಿನ ಹತ್ತು ಹಳ್ಳಿಯ ಪಂಪ್‌ಸೆಟ್ಟುಗಳು ಅವನ ಕೈಯಲ್ಲೇ ರಿಪೇರಿಯಾಗುವುದು. ಐಸಾಕ್‌ಸನ್ ಪುಸ್ತಕ ಮಡಿಚಿಟ್ಟಾಗ ನನಗೆ ನೆನಪಾದದ್ದು ಅವನ ಮುಖ. ಮೆಕಾಲಮ್ ಮೇಷ್ಟ್ರ ಉಗ್ರಾಣಕ್ಕೂ ಬೀಗವಿತ್ತು. ಕೈ ಮಾತ್ರ ಹುಡುಗರ ಹತ್ತಿರ ಹೋಗಿಬರುತ್ತಿತ್ತು.

ಅಮೆರಿಕದಿಂದ ಬಂದ ಮೇಲೆ ಅವನ ಅಂಗಡಿಗೆ ಹೋದೆ. ಗ್ಯಾಲ್ವನೋಮೀಟರಿನ ವಿಷಯ ನಾನೇ ತೆಗೆದೆ. ಅವನಿಗೂ ನೆನಪಿತ್ತು. ಇಬ್ಬರೂ ಸೇರಿ ಆ ಶಾಲೆಯ ಈಗಿನ ಮುಖ್ಯೋಪಾಧ್ಯಾಯರನ್ನು ಕಂಡೆವು. ಸ್ಟಾಕ್ ಬುಕ್ಕಿಗೆ ಸೇರದ, ಒಡೆದರೆ ಯಾರಿಗೂ ರಿಕವರಿಯಾಗದ ಒಂದು ಮರದ ಪೆಟ್ಟಿಗೆಯನ್ನು ಅಲ್ಲಿಟ್ಟಿದ್ದೇವೆ. ಅದರಲ್ಲಿ ಮೂರು ಮಲ್ಟಿಮೀಟರ್, ಎರಡು ಸೋಲ್ಡರಿಂಗ್ ಐರನ್, ತಾಮ್ರದ ತಂತಿ, ಎಲ್‌ಇಡಿ ಬಲ್ಬುಗಳು. ಪಕ್ಕದಲ್ಲಿ ಒಂದು ಎರವಲು ಪುಸ್ತಕ. ಬೀಗದ ಕೈಯನ್ನು ಪ್ರತಿ ತಿಂಗಳೂ ಒಬ್ಬ ವಿದ್ಯಾರ್ಥಿ ಇಟ್ಟುಕೊಳ್ಳುತ್ತಾನೆ ಅಥವಾ ಇಟ್ಟುಕೊಳ್ಳುತ್ತಾಳೆ. ನಿನ್ನೆ ನೋಡಿಕೊಂಡು ಬಂದೆ. ಒಂದು ಮಲ್ಟಿಮೀಟರ್ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಮನೆಗೆ ಹೋಗಿದೆ. ಸೋಮವಾರ ತಂದುಕೊಡುತ್ತೇನೆ ಎಂದು ಬರೆದು ಸಹಿ ಹಾಕಿದ್ದಾಳೆ.